ಬೀಫಾ, ಚಿಕನ್ನಾ? ತಿನ್ನೋರು ಯಾರು ಅಂತ ಮೊದಲು ಹೇಳಿ

ಪ್ರಶ್ನೆ: ನಮ್ಮದು ಮಂಗಳೂರು ಕಡೆ, ಈಗ ಶಾರ್ಜಾದಲ್ಲಿದ್ದೇವೆ. ನನಗೆ 34 ವರ್ಷ, ಹಿಮೋಗ್ಲೋಬಿನ್ 9.8 ಬಂದಿದೆ. ಗಂಡ ಜಿಮ್‌ಗೆ ಹೋಗುತ್ತಾರೆ, ದಿನಾ ಚಿಕನ್ ಬ್ರೆಸ್ಟ್ ಬೇಕು ಅನ್ನುತ್ತಾರೆ. ಮಾವ ನಮ್ಮ ಜೊತೆಗೇ ಇದ್ದಾರೆ, 66 ವರ್ಷ, ಕೊಲೆಸ್ಟರಾಲ್, ಯೂರಿಕ್ ಆಸಿಡ್ ಎರಡೂ ಜಾಸ್ತಿ. ಮನೆಯಲ್ಲಿ ಬೀಫ್, ಚಿಕನ್ ಎರಡೂ ಮಾಡುತ್ತೇವೆ. ಬೀಫ್ ಬಿಟ್ಟು ಬರೀ ಚಿಕನ್ ತಿನ್ನಿ ಅಂತ ಸಂಬಂಧಿಕರ ಸಲಹೆ. ಬೀಫ್ ತಿಂದರೇ ರಕ್ತ ಆಗೋದು ಅಂತ ನನ್ನ ಅಮ್ಮ. ಯಾವುದರಲ್ಲಿ ಪೌಷ್ಟಿಕಾಂಶ ಜಾಸ್ತಿ? ನಾಲ್ಕು ವರ್ಷದ ಮಗಳಿಗೆ ಯಾವುದನ್ನು ಕೊಡಲಿ?

ಉತ್ತರ: ನಿಮ್ಮ ಅಮ್ಮ ನಿಮ್ಮ ಮಟ್ಟಿಗೆ ಸರಿ. ಸಂಬಂಧಿಕರು ನಿಮ್ಮ ಮಾವನ ಮಟ್ಟಿಗೆ ಅರ್ಧ ಸರಿ. ನಿಮ್ಮ ಗಂಡನಿಗೆ ಎರಡರಲ್ಲಿ ಯಾವುದು ತಿಂದರೂ ಹೆಚ್ಚು ವ್ಯತ್ಯಾಸ ಇಲ್ಲ. ಒಂದೇ ಅಡುಗೆಮನೆ, ನಾಲ್ಕು ತಟ್ಟೆ. ಒಂದೊಂದಕ್ಕೂ ಉತ್ತರ ಬೇರೆ.

ಮೊದಲು ಪ್ರೋಟೀನ್ ವಿಷಯ ಮುಗಿಸಿಬಿಡೋಣ, ಯಾಕಂದ್ರೆ ಅಲ್ಲಿ ಜಗಳವೇ ಇಲ್ಲ. ಚರ್ಮ ತೆಗೆದು ಬೇಯಿಸಿದ ಕೋಳಿ ಎದೆ ಭಾಗ 100 ಗ್ರಾಂ ತಿಂದರೆ ಸುಮಾರು 31 ಗ್ರಾಂ ಪ್ರೋಟೀನ್ ಸಿಗುತ್ತದೆ. ಕೊಬ್ಬು ಕಡಿಮೆ ಇರುವ ಬೀಫ್ ತುಂಡಿನಲ್ಲಿ 28ರಿಂದ 30, ಸಾಧಾರಣ ಕೀಮಾದಲ್ಲಿ 26. ಕೋಳಿಯ ತೊಡೆಯಲ್ಲೂ ಹೆಚ್ಚುಕಮ್ಮಿ 25-26. ಎರಡೂ ಪೂರ್ಣ ಪ್ರೋಟೀನ್ (ಆಹಾರದಿಂದಲೇ ಸಿಗಬೇಕಾದ ಅಮೈನೋ ಆಮ್ಲಗಳೆಲ್ಲ ಇವೆ), ಎರಡೂ ಚೆನ್ನಾಗಿ ಜೀರ್ಣ ಆಗುತ್ತವೆ. ಜಿಮ್‌ನಲ್ಲಿ ಯಾರೋ 'ಬೀಫ್ ಪ್ರೋಟೀನ್ ಬೇರೆ ಲೆವೆಲ್' ಅಂದರೆ ಸುಮ್ನೆ ನಕ್ಕು ಮುಂದೆ ಹೋಗಲಿ.

ನಿಮ್ಮ ಗಂಡನಿಗೆ ಒಂದು ಮಾತು ಹೇಳಿ. ತೂಕ ಹಸಿದಾ, ಬೇಯಿಸಿದ್ದಾ ಅನ್ನೋದನ್ನು ನೋಡಿಕೊಳ್ಳಬೇಕು. ಮಾಂಸ ಬೇಯುವಾಗ ನೀರು ಬಿಟ್ಟು ತೂಕದಲ್ಲಿ ಕಾಲು ಭಾಗದಷ್ಟು ಇಳಿಯುತ್ತದೆ. ಹಸಿ ಬ್ರೆಸ್ಟ್ 100 ಗ್ರಾಂ ತೂಗಿ ಇಟ್ಟರೆ ಅದರಲ್ಲಿ ಇರೋದು 22-23 ಗ್ರಾಂ ಪ್ರೋಟೀನ್, 31 ಅಲ್ಲ. ಬೆಳಿಗ್ಗೆ ಹಸಿ ತೂಕ ಹಾಕಿ ಆ್ಯಪ್‌ನಲ್ಲಿ ಬೇಯಿಸಿದ್ದು ಅಂತ ಒತ್ತಿ, ಪ್ರೋಟೀನ್ ಸಾಕಷ್ಟು ತಿಂತಾ ಇದ್ದೀನಿ ಯಾಕೆ ಬಾಡಿ ಬರ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳೋರು ತುಂಬಾ ಜನ. ಅಷ್ಟಕ್ಕೂ ಸಾಮಾನ್ಯ ವಯಸ್ಕರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುವ ಪ್ರಮಾಣ ಒಂದು ಕಿಲೋ ಮೈತೂಕಕ್ಕೆ 0.83 ಗ್ರಾಂ. ಭಾರ ಎತ್ತುವವರಿಗೆ ಇನ್ನೂ ಬೇಕು, ಒಪ್ಪುತ್ತೇನೆ. ಆದರೆ ಅದಕ್ಕಾಗಿ ವಾರಕ್ಕೆ ಏಳೂ ದಿನ ಬ್ರೆಸ್ಟೇ ಆಗಬೇಕು ಅಂತೇನಿಲ್ಲ. ವಾರಕ್ಕೆರಡು ದಿನ ನಿಮಗೆ ಮಾಡಿದ ಬೀಫನ್ನೇ ಅವರೂ ತಿನ್ನಲಿ, ಅವರಿಗೂ ಸತು ಸಿಗುತ್ತದೆ, ನಿಮಗೂ ಎರಡೆರಡು ಅಡುಗೆ ತಪ್ಪುತ್ತದೆ.

ಈಗ ಕೊಬ್ಬು. ಇಲ್ಲಿ 'ಬೀಫ್' ಅನ್ನೋ ಒಂದೇ ಬೋರ್ಡ್ ಕೆಳಗೆ ಏನು ಸಿಗುತ್ತಿದೆ ಅಂತ ಮೊದಲು ನೋಡಬೇಕು. ಶಾರ್ಜಾದ ಕೌಂಟರ್‌ನಲ್ಲಿ 'ಇಂಡಿಯನ್' ಅಂತ ಬರೆದಿದ್ದರೆ ಅದು ಎಮ್ಮೆ ಅಥವಾ ಕೋಣದ ಮಾಂಸ. ನಮ್ಮ ದೇಶದಿಂದ ದನದ ಮಾಂಸ ರಫ್ತು ಮಾಡುವ ಹಾಗಿಲ್ಲ, ಎಮ್ಮೆಯದ್ದಕ್ಕೆ ಮಾತ್ರ ಅನುಮತಿ. ಊರಲ್ಲೂ ಈಗ ಅಷ್ಟೇ, 2021ರಿಂದ ಜಾರಿಯಲ್ಲಿರುವ ಕರ್ನಾಟಕದ ಕಾಯ್ದೆ ಪ್ರಕಾರ 13 ವರ್ಷ ದಾಟಿದ ಎಮ್ಮೆ-ಕೋಣ ಬಿಟ್ಟರೆ ಬೇರೆ ಯಾವ ದನಕರುವನ್ನೂ ಕಡಿಯುವಂತಿಲ್ಲ. ಆಸ್ಟ್ರೇಲಿಯಾ, ಬ್ರೆಜಿಲ್ ಅಂತ ಬರೆದಿದ್ದರೆ ಅದು ದನದ್ದು. (ಇದರ ರಾಜಕೀಯ ಬೇರೆ ಕಡೆ ಮಾತಾಡಿಕೊಳ್ಳೋಣ. ತಿನ್ನದವರಿಗೆ ತಿನ್ನಿ ಅಂತ ನಾನು ಹೇಳುತ್ತಿಲ್ಲ, ನೀವು ತಿನ್ನುತ್ತೀರಿ, ಕೇಳಿದ್ದೀರಿ, ಅದಕ್ಕೆ ಉತ್ತರ.)

ಈ ಎರಡಕ್ಕೂ ಕೊಬ್ಬಿನಲ್ಲಿ ಬಹಳ ಅಂತರ ಇದೆ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ಬೇಯಿಸಿದ ಎಮ್ಮೆ ಮಾಂಸಕ್ಕೆ 100 ಗ್ರಾಂಗೆ 131 ಕ್ಯಾಲೊರಿ, ಸುಮಾರು 27 ಗ್ರಾಂ ಪ್ರೋಟೀನ್, ಕೊಬ್ಬು 2 ಗ್ರಾಂಗಿಂತ ಕಡಿಮೆ. ಅದೇ ಚರ್ಮವಿಲ್ಲದ ಕೋಳಿ ಎದೆ ಭಾಗಕ್ಕೆ 165 ಕ್ಯಾಲೊರಿ, ಮೂರೂವರೆ ಗ್ರಾಂ ಕೊಬ್ಬು. ಹೌದು, ಸರಿಯಾಗೇ ಓದಿದಿರಿ. ಹೊರಗಿನ ನೆಣ ಕೆತ್ತಿ ತೆಗೆದ ಎಮ್ಮೆ ಮಾಂಸದಲ್ಲಿ ಬ್ರೆಸ್ಟ್‌ಗಿಂತಲೂ ಕೊಬ್ಬು ಕಡಿಮೆ. ಇನ್ನು ದನದ ಮಾಂಸದ ಕೀಮಾ, ನೂರಕ್ಕೆ ಹದಿನೈದು ಪಾಲು ಕೊಬ್ಬಿರುವಂಥದ್ದು, ಬೇಯಿಸಿದರೆ 250 ಕ್ಯಾಲೊರಿ, 15 ಗ್ರಾಂ ಕೊಬ್ಬು, ಅದರಲ್ಲಿ 6 ಗ್ರಾಂ ಸ್ಯಾಚುರೇಟೆಡ್, ಅಂದರೆ ರಕ್ತದ ಕೊಲೆಸ್ಟರಾಲ್ ಏರಿಸುವ ಬಗೆಯ ಕೊಬ್ಬು. ಚರ್ಮ ಸಮೇತ ಇರುವ ಕೋಳಿ ತೊಡೆ? ಅದೂ ಹೆಚ್ಚುಕಮ್ಮಿ ಅದೇ ಕ್ಯಾಲೊರಿ, 15 ಗ್ರಾಂ ಕೊಬ್ಬು, ಸ್ಯಾಚುರೇಟೆಡ್ ಮಾತ್ರ 4 ಗ್ರಾಂ ಚಿಲ್ಲರೆ. ಹಾಗಾಗಿ 'ಬೀಫ್ ಅಂದ್ರೆ ಕೊಬ್ಬು, ಚಿಕನ್ ಅಂದ್ರೆ ಲೈಟ್' ಅನ್ನೋ ಮಾತು ಯಾವ ತುಂಡು ಅಂತ ಕೇಳಿದ ಕೂಡಲೇ ಅಲ್ಲಾಡೋಕೆ ಶುರುವಾಗುತ್ತದೆ.

ಕೊಬ್ಬಿನ ಗುಣದಲ್ಲಿ ಚಿಕನ್ ಸ್ವಲ್ಪ ಮುಂದೆ, ಅದನ್ನು ಮುಚ್ಚಿಡಬೇಕಿಲ್ಲ. ಬೀಫ್ ಕೊಬ್ಬಿನಲ್ಲಿ ಅರ್ಧದ ಹತ್ತಿರ ಸ್ಯಾಚುರೇಟೆಡ್, ಕೋಳಿ ಕೊಬ್ಬಿನಲ್ಲಿ ಮೂರನೇ ಒಂದು ಪಾಲಿನಷ್ಟು. ಫ್ರಿಜ್‌ನಲ್ಲಿಟ್ಟರೆ ಇದು ಕಣ್ಣಿಗೇ ಕಾಣುತ್ತದೆ. ಬೀಫ್ ಸಾರಿನ ಮೇಲೆ ಬಿಳಿ ಮೇಣದ ಥರ ಪದರ ಕಟ್ಟುತ್ತದೆ, ಕೋಳಿಯದ್ದು ಹಳದಿಯಾಗಿ, ಮೆತ್ತಗೆ ಇರುತ್ತದೆ. ಇದೇ ನಿಮಗೆ ಉಪಯೋಗಕ್ಕೂ ಬರುತ್ತದೆ. ಬೀಫನ್ನು ಹಿಂದಿನ ರಾತ್ರಿಯೇ ಉಪ್ಪು, ಅರಿಶಿನ ಹಾಕಿ ಕುಕ್ಕರ್‌ನಲ್ಲಿ ಬೇಯಿಸಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಮೇಲಿನ ಪದರವನ್ನು ಚಮಚದಲ್ಲಿ ಎತ್ತಿ ಬಿಸಾಡಿ, ಆಮೇಲೆ ಮಸಾಲೆ ಹಾಕಿ. ರುಚಿ ಏನೂ ಹೋಗಲ್ಲ.

ಈಗ ನಿಮ್ಮ ವಿಷಯ. ಎರಡೂ ಮಾಂಸ ನಿಜವಾಗಿ ಬೇರೆಯಾಗೋದು ಇಲ್ಲೇ.

ಮಾಂಸ ಕೆಂಪಗಿರೋದು ಮಯೋಗ್ಲೋಬಿನ್ ಅನ್ನುವ ವಸ್ತುವಿನಿಂದ, ಅದರೊಳಗೆ ಕಬ್ಬಿಣ ಇರುತ್ತದೆ. ಯಾವ ಸ್ನಾಯು ದಿನಪೂರ್ತಿ ದುಡಿಯುತ್ತದೋ ಅದರಲ್ಲಿ ಮಯೋಗ್ಲೋಬಿನ್ ಜಾಸ್ತಿ. ಕೋಳಿ ನಡೆಯುತ್ತೆ, ಹಾರಲ್ಲ, ಅದಕ್ಕೇ ಕಾಲು ಕೆಂಪು, ಎದೆ ಬಿಳಿ. ಪ್ರಾಣಿಗೆ ವಯಸ್ಸಾದಷ್ಟೂ ಮಯೋಗ್ಲೋಬಿನ್ ಹೆಚ್ಚುತ್ತದೆ. ಆರು ವಾರಕ್ಕೇ ಅಂಗಡಿಗೆ ಬರುವ ಬ್ರಾಯ್ಲರ್‌ಗೂ ವರ್ಷಗಟ್ಟಲೆ ಬದುಕಿದ ಕೋಣಕ್ಕೂ ಬಣ್ಣದಲ್ಲಿ ಅಷ್ಟು ಅಂತರ ಯಾಕೆ ಅಂತ ಈಗ ಗೊತ್ತಾಯಿತಲ್ವಾ. ಬೇಯಿಸಿದ ಬೀಫ್ 100 ಗ್ರಾಂನಲ್ಲಿ ಎರಡರಿಂದ ಎರಡೂವರೆ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಕೋಳಿ ಎದೆಯಲ್ಲಿ ಒಂದು ಮಿಲಿಗ್ರಾಂ, ಅದೂ ಪೂರ್ತಿ ಇರಲ್ಲ.

ಎರಡೂವರೆ ಮಿಲಿಗ್ರಾಂ ಅಂದರೆ ಚಿಕ್ಕದು ಅನ್ನಿಸಬಹುದು. ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು ಅಂತ ನಮ್ಮ 2020ರ ಶಿಫಾರಸು ಹೇಳುತ್ತದೆ. ಆದರೆ ಆ 29 ಅನ್ನೋ ಅಂಕಿ ಬಂದಿದ್ದು ನಮ್ಮ ಊಟ ಹೆಚ್ಚಾಗಿ ಅಕ್ಕಿ, ರಾಗಿ, ಬೇಳೆ, ಸೊಪ್ಪು, ಅದರ ಕಬ್ಬಿಣ ಮೈಗೆ ಹತ್ತೋದು ತೀರಾ ಕಡಿಮೆ ಅನ್ನೋ ಲೆಕ್ಕದಲ್ಲಿ. ಮಾಂಸದ ಕಬ್ಬಿಣದಲ್ಲಿ ಒಂದು ಪಾಲು ಮಯೋಗ್ಲೋಬಿನ್‌ನಂಥ ವಸ್ತುವಿನೊಳಗಿನ 'ಹೀಮ್' ರೂಪದಲ್ಲಿರುತ್ತದೆ, ಅದು ನೂರಕ್ಕೆ 15ರಿಂದ 35ರಷ್ಟು ಒಳಗೆ ಹೋಗುತ್ತದೆ. ಸೊಪ್ಪು-ಧಾನ್ಯದ ಕಬ್ಬಿಣಕ್ಕೆ ಅಷ್ಟು ಸಲೀಸಾದ ದಾರಿ ಇಲ್ಲ. ಬೀಫ್‌ನಲ್ಲಿ ಈ ಹೀಮ್ ಪಾಲೂ ಚಿಕನ್‌ಗಿಂತ ಜಾಸ್ತಿ. ಇನ್ನೊಂದು ಲಾಭ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಮಾಂಸ ಯಾವುದೇ ಇರಲಿ, ತಟ್ಟೆಯಲ್ಲಿ ಅದರ ಪಕ್ಕ ಇರುವ ಸೊಪ್ಪು-ಬೇಳೆಯ ಕಬ್ಬಿಣವನ್ನೂ ಜಾಸ್ತಿ ಹೀರುವ ಹಾಗೆ ಮಾಡುತ್ತದೆ. ಹಾಗಾಗಿ ಬೀಫ್ ಮಾಡಿದ ದಿನ ಜೊತೆಗೆ ಹರಿವೆ ಸೊಪ್ಪಿನ ಪಲ್ಯ ಇರಲಿ, ಮೇಲೆ ನಿಂಬೆ ಹಿಂಡಿ.

ಮತ್ತೆ ಆ ಸುಲೈಮಾನಿ, ಅದೇ ಹಾಲು ಹಾಕದ ನಿಂಬೆ ಟೀ! ಬಿರಿಯಾನಿ ಆದ ಕೂಡಲೇ ಒಂದು ಲೋಟ ಸುಲೈಮಾನಿ ಬೇಕೇ ಬೇಕು ಅನ್ನೋದು ನಿಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಟೀ ಒಗರು ಸೊಪ್ಪು-ಬೇಳೆಯ ಕಬ್ಬಿಣವನ್ನು ಹಿಡಿದಿಟ್ಟುಬಿಡುತ್ತದೆ. ನಿಂಬೆ ಹಿಂಡಿದರೂ ಟೀ ಟೀನೇ. ಊಟ ಆಗಿ ಒಂದು ಗಂಟೆಯ ಮೇಲೆ ಕುಡಿಯಿರಿ, ಅಷ್ಟೇ.

ಕಬ್ಬಿಣದ ವಿಷಯದಲ್ಲಿ ಚಿಕನ್‌ಗೂ ಒಂದು ತುರುಪು ಇದೆ, ಅದು ಲಿವರ್. ಬೇಯಿಸಿದ ಕೋಳಿ ಲಿವರ್ 100 ಗ್ರಾಂನಲ್ಲಿ 11-12 ಮಿಲಿಗ್ರಾಂ ಕಬ್ಬಿಣ, ಬೀಫ್ ಲಿವರ್‌ನಲ್ಲಿ ಆರು ಚಿಲ್ಲರೆ. ಇಲ್ಲಿ ಕೋಳಿಯೇ ಗೆದ್ದಿತು. ಅಂಗಡಿಯಲ್ಲಿ ಬೆಲೆಯೂ ಕಡಿಮೆ, ಮೆಣಸು ಹಾಕಿ ಹುರಿದರೆ ಹತ್ತು ನಿಮಿಷದ ಕೆಲಸ. ಆದರೆ ಲಿವರ್‌ನಲ್ಲಿ ಎ ವಿಟಮಿನ್ ವಿಪರೀತ. ಬೀಫ್ ಲಿವರ್ 100 ಗ್ರಾಂನಲ್ಲಿ 9,000 ಮೈಕ್ರೋಗ್ರಾಂಗೂ ಮೇಲೆ ಇರುತ್ತದೆ, ದಿನಕ್ಕೆ ದಾಟಬಾರದ ಮಿತಿ 3,000. ಕೋಳಿಯದ್ದರಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ವಾರಕ್ಕೊಂದು ಸಲ, ನಾಲ್ಕೈದು ತುಂಡು, ಸಾಕು. ಇನ್ನೊಂದು ಮಗುವಿನ ಯೋಚನೆ ಇದ್ದರೆ, ಅಥವಾ ಬಸಿರಾಗಿದ್ದರೆ, ಲಿವರ್ ಬೇಡವೇ ಬೇಡ. ಹೊಟ್ಟೆಯಲ್ಲಿರುವ ಮಗುವಿಗೆ ಅಷ್ಟು ಎ ವಿಟಮಿನ್ ಒಳ್ಳೇದಲ್ಲ.

ಬಿ12, ಸತು ಎರಡರಲ್ಲೂ ಬೀಫ್ ಮುಂದೆ. ದನದ ಕೀಮಾ 100 ಗ್ರಾಂನಲ್ಲಿ ಎರಡೂವರೆ ಮೈಕ್ರೋಗ್ರಾಂ ಬಿ12, ದಿನಕ್ಕೆ ಬೇಕಾದಷ್ಟು ಅಲ್ಲೇ ಬಂತು. ಎಮ್ಮೆಯದ್ದರಲ್ಲಿ ಎರಡಕ್ಕಿಂತ ಸ್ವಲ್ಪ ಕಡಿಮೆ. ಬ್ರೆಸ್ಟ್‌ನಲ್ಲಿ 0.3. ಸತು ದನದ್ದರಲ್ಲಿ 6 ಮಿಲಿಗ್ರಾಂ, ಎಮ್ಮೆಯದ್ದರಲ್ಲಿ ಎರಡೂವರೆ, ಬ್ರೆಸ್ಟ್‌ನಲ್ಲಿ ಒಂದು. ಚಿಕನ್ ಮುಂದಿರೋದು ನಯಾಸಿನ್ ಮತ್ತು ಬಿ6 ಅನ್ನುವ ಎರಡು ಬಿ ವಿಟಮಿನ್‌ಗಳಲ್ಲಿ. ನಮ್ಮ ಊಟದಲ್ಲಿ ಅವೆರಡಕ್ಕೆ ಅಂಥ ಬರ ಇಲ್ಲ, ಹಾಗಾಗಿ ಅದನ್ನು ದೊಡ್ಡ ಗೆಲುವು ಅಂತ ನಾನು ಲೆಕ್ಕ ಹಾಕಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಗಟ್ಟಿ ಮಾತು. 9.8ನ್ನು ಬರೀ ಬೀಫ್ ತಿಂದು ಏರಿಸೋಕೆ ಹೋಗಬೇಡಿ. ಹೆಂಗಸರಿಗೆ 12 ಇರಬೇಕು, ನಿಮ್ಮದು ಮಧ್ಯಮ ಮಟ್ಟದ ರಕ್ತಹೀನತೆ. ಒಂದು ಸಾಮಾನ್ಯ ಕಬ್ಬಿಣದ ಮಾತ್ರೆಯಲ್ಲಿ 60ರಿಂದ 100 ಮಿಲಿಗ್ರಾಂ ಇರುತ್ತದೆ, ಒಂದು ಪ್ಲೇಟ್ ಬೀಫ್‌ನಲ್ಲಿ ಎರಡೂವರೆ. ಲೆಕ್ಕ ನೀವೇ ಹಾಕಿ. ಡಾಕ್ಟರ್ ಹತ್ತಿರ ಹೋಗಿ ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ), ಬಿ12 ಎರಡನ್ನೂ ನೋಡಿಸಿ, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆಯಾ ಅನ್ನೋದನ್ನು ಸಂಕೋಚ ಬಿಟ್ಟು ಹೇಳಿ. ಕಬ್ಬಿಣ ಸರಿ ಇದ್ದೂ ರಕ್ತ ಕಡಿಮೆ ಇರುವವರಿದ್ದಾರೆ, ಥಲಸ್ಸೀಮಿಯಾ ಅನ್ನುವ ವಂಶಪಾರಂಪರ್ಯ ರಕ್ತದ ಕಾಯಿಲೆಯ ವಾಹಕರಾಗಿದ್ದರೆ ಹಾಗಾಗುತ್ತದೆ, ಅಂಥವರು ಸುಮ್ನೆ ಮಾತ್ರೆ ನುಂಗುವುದು ತಪ್ಪು. ಇದು ನಿಮ್ಮೊಬ್ಬರ ಕಥೆ ಅಂದ್ಕೋಬೇಡಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 48 ಜನಕ್ಕೆ ರಕ್ತಹೀನತೆ ಇತ್ತು. ಮಾತ್ರೆ ಕೆಲಸ ಮಾಡಿದ ಮೇಲೆ ಮತ್ತೆ ಕೆಳಗೆ ಇಳಿಯದ ಹಾಗೆ ಹಿಡಿದಿಡೋದಕ್ಕೆ ಊಟ ಬೇಕು. ವಾರಕ್ಕೆ ಎರಡು ದಿನ ಬೀಫ್, ಒಂದು ದಿನ ಕೋಳಿ ಲಿವರ್, ಉಳಿದ ದಿನ ಮೀನು, ಮೊಟ್ಟೆ, ಬೇಳೆ. ಚಿಕನ್ ಮಾಡುವ ದಿನ ನಿಮ್ಮ ತಟ್ಟೆಗೆ ಎದೆ ಬದಲು ತೊಡೆ. ನಿಮಗೆ ನಾನು ಹೇಳೋದು ಇಷ್ಟು.

ಮಾವನ ವಿಷಯಕ್ಕೆ ಬರೋಣ. ಸಂಬಂಧಿಕರು ಚಿಕನ್ ಅಂದಾಗ ಅವರ ತಲೆಯಲ್ಲಿರೋದು ಕೊಲೆಸ್ಟರಾಲ್. ಆದರೆ ಮಾಂಸದೊಳಗಿನ ಕೊಲೆಸ್ಟರಾಲ್ ಹೆಚ್ಚುಕಮ್ಮಿ ಎರಡರಲ್ಲೂ ಒಂದೇ, 100 ಗ್ರಾಂಗೆ 85ರಿಂದ 90 ಮಿಲಿಗ್ರಾಂ. ಎಮ್ಮೆಯದ್ದರಲ್ಲಿ ಅದಕ್ಕಿಂತ ಕಡಿಮೆ. ರಕ್ತದ ಕೊಲೆಸ್ಟರಾಲ್ ಏರಿಸೋದರಲ್ಲಿ ದೊಡ್ಡ ಪಾಲು ಸ್ಯಾಚುರೇಟೆಡ್ ಕೊಬ್ಬಿನದು. ಕ್ಯಾಲಿಫೋರ್ನಿಯಾದಲ್ಲಿ ಮಾಡಿ 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಆರೋಗ್ಯವಂತರಿಗೆ ಸರದಿಯಂತೆ ಕೆಂಪು ಮಾಂಸ, ಬಿಳಿ ಮಾಂಸ, ಮಾಂಸವಿಲ್ಲದ ಪ್ರೋಟೀನ್ ಕೊಟ್ಟು ನೋಡಿದರು. ಸ್ಯಾಚುರೇಟೆಡ್ ಕೊಬ್ಬು ಒಂದೇ ಮಟ್ಟದಲ್ಲಿಟ್ಟಾಗ ಕೆಂಪು, ಬಿಳಿ ಎರಡೂ ಮಾಂಸದಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್ ಅಂತಾರಲ್ಲ, ಅದು) ಸುಮಾರು ಒಂದೇ ಥರ ಬಂತು, ಬೇಳೆ-ಕಾಳಿನಂಥ ಪ್ರೋಟೀನ್ ತಿಂದಾಗ ಮಾತ್ರ ಕಡಿಮೆ ಇತ್ತು. ಅಂದರೆ ಬೀಫ್ ಬದಲು ಚಿಕನ್ ತಿಂದೆ, ಇನ್ನು ಕೊಲೆಸ್ಟರಾಲ್ ಚಿಂತೆ ಇಲ್ಲ ಅಂತ ಕೂರೋ ಹಾಗಿಲ್ಲ.

ಅದಕ್ಕಿಂತ ದೊಡ್ಡದು ಬಾಣಲೆಯಲ್ಲಿ ಏನಾಗುತ್ತೆ ಅನ್ನೋದು. ಒಂದು ದೊಡ್ಡ ಚಮಚ ತುಪ್ಪದಲ್ಲಿ 8-9 ಗ್ರಾಂ ಸ್ಯಾಚುರೇಟೆಡ್ ಕೊಬ್ಬಿದೆ. ಮೇಲೆ ಹೇಳಿದ ಕೀಮಾದ ಇಡೀ 100 ಗ್ರಾಂನಲ್ಲಿ ಇದ್ದದ್ದು ಆರು. ಕುಂದಾಪುರದ ಚಿಕನ್ ಘೀ ರೋಸ್ಟ್ ಒಂದು ಚಮಚ ತುಪ್ಪದಲ್ಲಿ ಆಗುತ್ತಾ? ನಿಮಗೇ ಗೊತ್ತು. ತೆಂಗಿನ ಹಾಲು ಹಾಕಿದ ಕೋರಿ ಗಸಿಯೂ ಅದೇ ಸಾಲಿಗೆ, ತೆಂಗಿನ ಕೊಬ್ಬು ಬಹುಪಾಲು ಸ್ಯಾಚುರೇಟೆಡ್. ಘೀ ರೋಸ್ಟ್ ತಿನ್ನಬೇಡಿ ಅಂತ ಹೇಳೋ ಮನುಷ್ಯ ನಾನಲ್ಲ, ಹಬ್ಬಕ್ಕೆ ತಿನ್ನಲಿ. ಆದರೆ ಕಡಿಮೆ ಎಣ್ಣೆಯಲ್ಲಿ ಮಾಡಿದ ಎಮ್ಮೆ ಮಾಂಸದ ಸುಕ್ಕಕ್ಕಿಂತ ಚಿಕನ್ ಘೀ ರೋಸ್ಟ್ ಹೃದಯಕ್ಕೆ ಒಳ್ಳೇದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ರಸ್ತೆ ಬದಿಯ ಕಬಾಬ್ ಬಗ್ಗೆ ಹೇಳೋದೇ ಬೇಡ.

ಯೂರಿಕ್ ಆಸಿಡ್‌ಗೆ ಚಿಕನ್ ಸೇಫ್ ಅನ್ನೋದೂ ಸರಿಯಲ್ಲ. ಆಹಾರದಲ್ಲಿ ಮತ್ತು ನಮ್ಮ ಜೀವಕೋಶಗಳಲ್ಲಿ ಇರುವ ಪ್ಯೂರಿನ್ ಅನ್ನುವ ವಸ್ತು ಒಡೆದಾಗ ಯೂರಿಕ್ ಆಸಿಡ್ ಆಗುತ್ತದೆ. ಜಪಾನಿನವರು ಅಳೆದ ಪಟ್ಟಿಯಲ್ಲಿ 100 ಗ್ರಾಂ ಕೋಳಿ ಎದೆಯಲ್ಲಿ 141 ಮಿಲಿಗ್ರಾಂ ಪ್ಯೂರಿನ್, ಬೀಫ್‌ನ ತೊಡೆ ಭಾಗದಲ್ಲಿ ಸುಮಾರು 110. ಕೋಳಿ ಲಿವರ್ 300 ದಾಟುತ್ತದೆ. ನಿಮಗೆ ಬರೆದುಕೊಟ್ಟ ಲಿವರ್ ಪ್ಲೇಟ್ ಮಾವನ ಕಡೆ ಹೋಗಬಾರದು, ನೆನಪಿರಲಿ. ಪ್ಯೂರಿನ್ ನೀರಿಗೆ ಬಿಡುತ್ತದೆ, ಹಾಗಾಗಿ ಸೂಪ್, ಗಂಟೆಗಟ್ಟಲೆ ಬೇಯಿಸಿದ ಸಾರಿನ ತಿಳಿ ಇವೆಲ್ಲ ಅವರಿಗೆ ಕಮ್ಮಿ ಮಾಡಿ. 'ಮೂಳೆ ನೋವಿಗೆ ಕಾಲು ಸೂಪ್ ಕುಡೀರಿ' ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಯೂರಿಕ್ ಆಸಿಡ್‌ನಿಂದ ಬಂದ ಗಂಟು ನೋವಾಗಿದ್ದರೆ ಸೂಪ್‌ನಿಂದ ಇನ್ನೂ ಹೆಚ್ಚಾದೀತು. ಸಿಹಿ ಜ್ಯೂಸ್, ಕೋಲಾ ಕೂಡ ಯೂರಿಕ್ ಆಸಿಡ್ ಏರಿಸುತ್ತವೆ, ಮಾಂಸದ ಮೇಲೆ ಕಣ್ಣಿಟ್ಟವರು ಅದನ್ನು ನೋಡೋದೇ ಇಲ್ಲ.

ಹಾಗಾಗಿ ಮಾವನಿಗೆ ಚರ್ಮ ತೆಗೆದ ಚಿಕನ್ ಅಥವಾ ನೆಣ ತೆಗೆದ ಬೀಫ್, ಎರಡರಲ್ಲಿ ಒಂದು, ಅಂಗೈಯಷ್ಟು, ದಿನಾ ಬೇಡ. ವಾರದಲ್ಲಿ ಮೂರ್ನಾಲ್ಕು ದಿನ ಹೆಸರುಕಾಳು, ಬೇಳೆ, ಮೊಸರು ಸಾಕು. ಕಾಳಿನಲ್ಲೂ ಪ್ಯೂರಿನ್ ಇದೆ, ಆದರೆ ಅದು ಮಾಂಸದ ಪ್ಯೂರಿನ್‌ನಷ್ಟು ತೊಂದರೆ ಕೊಡುವುದು ಕಂಡುಬಂದಿಲ್ಲ. ಬಿಪಿಯೂ ಇದ್ದರೆ ಫ್ರೋಜನ್ ಚಿಕನ್ ಪ್ಯಾಕೆಟ್ ತಿರುಗಿಸಿ ಸೋಡಿಯಂ ಎಷ್ಟಿದೆ ಅಂತ ಓದಿ, ಕೆಲವದರಲ್ಲಿ ಉಪ್ಪುನೀರು ಸೇರಿಸಿರುತ್ತಾರೆ.

ಕ್ಯಾನ್ಸರ್ ಭಯದ ಬಗ್ಗೆ ನೀವು ಕೇಳಿಲ್ಲ, ಆದರೆ ಸಂಬಂಧಿಕರು ಮುಂದಿನ ಸಲ ಅದನ್ನೇ ತೆಗೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಕೆಂಪು ಮಾಂಸವನ್ನು 'ಬಹುಶಃ ಕ್ಯಾನ್ಸರ್ ತರಬಲ್ಲದು' ಅನ್ನೋ ಗುಂಪಿಗೆ ಹಾಕಿತು. ಸಾಸೇಜ್, ಸಲಾಮಿ, ಬೇಕನ್‌ನಂಥ ಸಂಸ್ಕರಿಸಿದ ಮಾಂಸವನ್ನು ಖಚಿತವಾದ ಗುಂಪಿಗೇ ಹಾಕಿತು, ತಂಬಾಕು ಇರುವ ಗುಂಪು ಅದು. ಅಂದ ಮಾತ್ರಕ್ಕೆ ಸಾಸೇಜೂ ಸಿಗರೇಟೂ ಒಂದೇ ಅಪಾಯ ಅಂತಲ್ಲ, ಸಾಕ್ಷ್ಯ ಅಷ್ಟು ಗಟ್ಟಿ ಅಂತ ಅರ್ಥ. ದಿನಾ 50 ಗ್ರಾಂ ಸಂಸ್ಕರಿಸಿದ ಮಾಂಸ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಸಾಧ್ಯತೆ ನೂರಕ್ಕೆ 18ರಷ್ಟು ಹೆಚ್ಚು ಅಂತ ಅವರ ಲೆಕ್ಕ. ಕೆಂಪು ಮಾಂಸಕ್ಕೆ ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಹೇಳುವ ಮಿತಿ ವಾರಕ್ಕೆ ಬೇಯಿಸಿದ್ದು 350ರಿಂದ 500 ಗ್ರಾಂ. ನಾನು ಹೇಳಿದ ವಾರಕ್ಕೆರಡು ದಿನ ಅದರೊಳಗೇ ಬರುತ್ತದೆ. ಎಮ್ಮೆ, ಆಡು, ಕುರಿ ಎಲ್ಲವೂ ಕೆಂಪು ಮಾಂಸವೇ. 'ನಾವು ಬೀಫ್ ಬಿಟ್ಟು ಮಟನ್ ತಿಂತೀವಿ' ಅನ್ನೋರಿಗೆ ಇಲ್ಲಿ ರಿಯಾಯಿತಿ ಇಲ್ಲ.

ಮಗಳಿಗೆ ಎರಡೂ ಕೊಡಿ. ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 11 ಮಿಲಿಗ್ರಾಂ ಕಬ್ಬಿಣ ಬೇಕು, ಹೊಟ್ಟೆ ಚಿಕ್ಕದು, ಹಾಗಾಗಿ ಸ್ವಲ್ಪದರಲ್ಲೇ ಜಾಸ್ತಿ ಸಿಗುವ ಬೀಫ್ ಅವಳಿಗೆ ಒಳ್ಳೇದೇ. ತೊಂದರೆ ಏನಂದ್ರೆ ಕೋಣದ ಮಾಂಸ ನಾರುನಾರು, ಹಾಲುಹಲ್ಲಿಗೆ ಬಗ್ಗಲ್ಲ, ಬಾಯಲ್ಲಿ ಇಟ್ಟುಕೊಂಡು ಉಗಿಯುತ್ತಾರೆ. ಕೀಮಾ ಮಾಡಿಸಿ, ಈರುಳ್ಳಿ ಟೊಮೆಟೊ ಹಾಕಿ ಚೆನ್ನಾಗಿ ಬೇಯಿಸಿ, ಒಳಗೆ ಕೆಂಪು ಉಳಿಯಬಾರದು. ಎರಡು ಚಮಚ ಕೀಮಾವನ್ನು ನೀರುದೋಸೆಯೊಳಗೆ ಸುತ್ತಿ ಕೊಟ್ಟರೆ ಟಿಫಿನ್ ಬಾಕ್ಸ್ ಖಾಲಿಯಾಗಿ ಬರುತ್ತದೆ. ಚಿಕನ್ ಸಾಸೇಜ್ ಬೇಡ, ಕೋಳಿಯದ್ದಾದರೂ ಅದು ಸಂಸ್ಕರಿಸಿದ ಮಾಂಸವೇ. ಪ್ಯಾಕೆಟ್ ನಗ್ಗೆಟ್ಸ್ ಬೇಕೇ ಬೇಕು ಅಂತ ಹಟ ಮಾಡಿದರೆ ಯಾವಾಗಲಾದರೊಮ್ಮೆ, ಅದರಲ್ಲಿ ಕೋಳಿಯ ಜೊತೆ ಹಿಟ್ಟು, ಎಣ್ಣೆ, ಉಪ್ಪೂ ಸಾಕಷ್ಟಿರುತ್ತದೆ. ಮತ್ತೆ ಹಾಲು ದಿನಕ್ಕೆ ಅರ್ಧ ಲೀಟರ್ ದಾಟದ ಹಾಗೆ ನೋಡಿಕೊಳ್ಳಿ. ಹಾಲಲ್ಲೇ ಹೊಟ್ಟೆ ತುಂಬಿಸಿಕೊಂಡ ಮಗು ಬೀಫೂ ಮುಟ್ಟಲ್ಲ, ಚಿಕನ್ನೂ ಮುಟ್ಟಲ್ಲ.